ಮಾವ ಮುಚ್ಚಿದ ದಾರಿ

ನಮ್ಮೂರು ಸಂಡೂರು ತಾಲ್ಲೂಕಿನಲ್ಲಿ, ವಡ್ಡು ಎಂಬ ಹಳ್ಳಿಯಿಂದ ಬಹಳ ದೂರವೇನಿಲ್ಲ, ಗುಡ್ಡದ ಬುಡಕ್ಕೆ ಒರಗಿಕೊಂಡಂತಿದೆ. ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ನಮ್ಮ ಜನಕ್ಕೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಯಾರಾದರೂ ಒಳ್ಳೆಯ ಕೆಲಸಕ್ಕೆ ಕೈ ಹಾಕಿದರೆ, "ಅದರ ಕೆಳಗ ಏನೈತಿ?" ಎಂದು ಮೊದಲು ಕೇಳುತ್ತಿದ್ದರು. ಶಾಲೆಗೆ ಯಾರೋ ಬೆಂಚು ಕೊಡಿಸಿದರೆ ಶಾಲೆಯ ಹಿಂದಿನ ದಿಬ್ಬದ ಮೇಲೆ ಅವರ ಕಣ್ಣಿದೆ ಎನ್ನುತ್ತಿದ್ದರು. ಎಷ್ಟೋ ಸಲ ಆ ಅನುಮಾನ ನಿಜವೂ ಆಗುತ್ತಿತ್ತು. ಹಾಗಾಗಿ ಗುಡ್ಡದ ಮೇಲಿನ ದಾರಿಯನ್ನು ಮುಚ್ಚುತ್ತಾರಂತೆ, ಅದೂ ಕರಡಿಗಳ ಸಲುವಾಗಿ ಮುಚ್ಚುತ್ತಾರಂತೆ ಎಂಬ ಸುದ್ದಿ ಬಂದಾಗ ಊರಿನಲ್ಲಿ ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ.

ಆ ದಾರಿ ಹಳೆಯದಲ್ಲ. ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ ಅಲ್ಲಿ ಆಡುಗಳು ಓಡಾಡಿ ಮೂಡಿದ್ದ ಜಾಡು ಬಿಟ್ಟರೆ ಬೇರೇನೂ ಇರಲಿಲ್ಲ. ಗುಡ್ಡದ ನೆತ್ತಿಯಲ್ಲಿ ಅದಿರಿದೆ ಎಂದು ದೊಡ್ಡ ಗುಂಡಿ ತೋಡಿದರು. ಗುಂಡಿಗಾಗಿ ದಾರಿ ಕಡಿದರು. ನಮ್ಮೂರ ಕಡೆಯಿಂದ ಹತ್ತಿದ ದಾರಿ ಗುಂಡಿಯ ಪಕ್ಕದಿಂದ ನೆತ್ತಿ ದಾಟಿ, ಆಚೆ ಗಣಿಗಳ ಕಡೆಗೆ ಇಳಿಯುತ್ತಿತ್ತು. ಕೆಲವು ವರ್ಷ ಲಾರಿಗಳು ಓಡಿದವು. ಅವ್ವ ಬೆಳಿಗ್ಗೆ ಒಣಹಾಕಿದ ಬಿಳಿ ಧೋತರವನ್ನು ಸಂಜೆ ತೆಗೆಯುವಾಗ ಅದು ಇಟ್ಟಿಗೆ ಬಣ್ಣವಾಗಿರುತ್ತಿತ್ತು. ಆಮೇಲೆ ಅಲ್ಲಿನ ಅದಿರು ತೆಳುವಾಯಿತೆಂದು ಗುಂಡಿಯನ್ನು ಬಿಟ್ಟುಹೋದರು. ದಾರಿ ಮಾತ್ರ ಉಳಿಯಿತು. ತಪಾಸಣೆ ತಪ್ಪಿಸಿಕೊಳ್ಳುವ ಲಾರಿಗಳು, ಕಟ್ಟಿಗೆ ಕಡಿಯುವವರ ಟ್ರ್ಯಾಕ್ಟರುಗಳು, ಮೊಲ ಕೌಜುಗ ಹೊಡೆಯಲು ಬರುವವರ ಬೈಕುಗಳು ಅದರ ಮೇಲೆ ಓಡಾಡತೊಡಗಿದವು. ಸೀತಾಫಲದ ಕಾಲದಲ್ಲಿ ಊರಿನ ಅಂಚಿನವರೆಗೂ ಇಳಿಯುತ್ತಿದ್ದ ಕರಡಿಗಳು ಆ ಕಡೆ ಸುಳಿಯುವುದನ್ನೇ ಬಿಟ್ಟವು.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಹೊಸದಾಗಿ ಬಂದಿದ್ದ ಅರಣ್ಯದ ಗಾರ್ಡ್ ಊರಿಗೆ ಬಂದು ಗುಡಿಯ ಕಟ್ಟೆಯ ಮೇಲೆ ಜನರನ್ನು ಕೂಡಿಸಿದ. ಇನ್ನೂ ಮದುವೆಯಾಗದ ವಯಸ್ಸು, ಮೆಲುಮಾತಿನವನು.

"ದಾರಿ ಇರೋತನಕ ಗಾಡಿ ಬರ್ತಾವ್ರಿ. ಗಾಡಿ ಬರೋತನಕ ಪ್ರಾಣಿ ಬರಂಗಿಲ್ಲ. ದಾರೀದು ಎರಡೂ ಬಾಯಿಗೆ ಕಂದಕ ತೋಡ್ತೀವಿ. ನಡುವಿನ ಗಟ್ಟಿ ನೆಲ ಒಡದು ಬೀಜ ಹಾಕ್ತೀವಿ. ಸೀತಾಫಲ, ಬಾರಿಹಣ್ಣು, ಕವಳಿಹಣ್ಣು. ನಾಕೈದು ಮಳಿಗಾಲ ಹೋದ್ರ ಅಡವಿ ತಾನ ಕೂಡಿಕೊಂತೈತಿ" ಎಂದ.

ಕಟ್ಟೆಯ ತುದಿಯಲ್ಲಿ ನಮ್ಮ ದೊಡ್ಡಪ್ಪ ಕೂತಿದ್ದರು. ಅಪ್ಪನ ದೊಡ್ಡಪ್ಪನ ಮಗ. ಆಡು ಮೇಯಿಸುವವರು, ಗುಡ್ಡದಲ್ಲೇ ಕಾಲ ಕಳೆದವರು.

"ಕರಡಿ ಏನರ ಅರ್ಜಿ ಕೊಟ್ಟಿತ್ತೇನ್ರಿ?" ಎಂದು ಕೇಳಿದರು. ಎಲ್ಲರೂ ನಕ್ಕರು. ದೊಡ್ಡಪ್ಪ ನಗಲಿಲ್ಲ. "ನಮ್ಮ ಕಡಿ ಬಾಯಿ ಮುಚ್ಚಿದ್ರ ನಮ್ಮ ಜನ ಮ್ಯಾಲೆ ಹೋಗೋದು ನಿಂದರತೈತಿ. ಮ್ಯಾಲೆ ಏನ್ ನಡೀತೈತಿ ಅಂತ ನೋಡಾವ್ರು ಯಾರು? ಆ ಕಡಿ ಬಾಯಿ ಮೊದಲು ಮುಚ್ಚರಿ. ಆಮ್ಯಾಲೆ ಈ ಕಡಿ ಬರ್ರಿ."

"ಈ ಕಡಿಯಿಂದ ಶುರು ಮಾಡ್ತೀನಿ ಅಂತ ಗುತ್ತಿಗೆದಾರ ಹೇಳ್ಯಾನ್ರಿ" ಎಂದ ಗಾರ್ಡ್.

"ಹಂಗಾರ ಅದರಾಗ ಏನೋ ಐತಿ ಬಿಡು" ಎಂದು ದೊಡ್ಡಪ್ಪ ಟವೆಲ್ ಕೊಡವಿ ಎದ್ದುಹೋದರು.

ಎರಡು ದಿನದ ನಂತರ ಜೆಸಿಬಿ ಬಂತು. ಅದರ ಮೇಲೆ ಕೂತಿದ್ದವನು ನನ್ನ ಸೋದರಮಾವ.

ಮಾವನದು ಕಂಪ್ಲಿ ಕಡೆಯ ಊರು. ಅಲ್ಲಿ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಗಣಿ ಕೆಲಸ ಹೆಚ್ಚಾದಾಗ ಜೆಸಿಬಿ ಕಲಿತು, ಅಕ್ಕನ ಮನೆಯಿದೆಯಲ್ಲ ಎಂದು ನಮ್ಮಲ್ಲಿಗೇ ಬಂದು ನೆಲೆಸಿದ್ದ. ಅಪ್ಪ ತುಂಗಭದ್ರಾ ಡ್ಯಾಂನ ಕಾಲುವೆ ಆಫೀಸಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದರಿಂದ ಮನೆಗೆ ಒಬ್ಬ ಗಂಡಸು ಆದಂತಾಯಿತೆಂದು ಅವ್ವನಿಗೂ ಧೈರ್ಯ. ಆದರೆ ಊರಿಗೆಲ್ಲ ಗೊತ್ತಿದ್ದ ಇನ್ನೊಂದು ಸಂಗತಿಯಿತ್ತು. ಗುಡ್ಡದ ಮೇಲಿನ ಆ ದಾರಿಯನ್ನು ಕಡಿದ ಯಂತ್ರಗಳಲ್ಲಿ ಒಂದನ್ನು ನಡೆಸಿದವನು ಇದೇ ಮಾವ.

"ಕಡದಾವನ ಮುಚ್ಚಾಕ ಬಂದಾನ" ಎಂದು ಚಾದಂಗಡಿಯಲ್ಲಿ ಮಾತಾಯಿತು. ಬೋರಿಂಗ್ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ಅವ್ವನನ್ನು ಕಂಡು ಮಾತು ನಿಲ್ಲಿಸಿದರು. ಅವ್ವ ಮನೆಗೆ ಬಂದವಳೇ ತಮ್ಮನನ್ನು ಕೇಳಿದಳು.

"ಖರೇ ಹೇಳು. ಇದು ಬರೇ ದಾರಿ ಮುಚ್ಚೋ ಕೆಲಸನೋ, ಬ್ಯಾರೆ ಏನರ ಐತೋ?"

"ಗುತ್ತಿಗೆದಾರ ಕರದ, ಹೋದೆ. ಕೆಲಸ ಅಂದ್ರ ಕೆಲಸ ಅಕ್ಕಾ. ನನಗೇನ್ ಗೊತ್ತು?" ಎಂದು ಮಾವ ಕೈ ತೊಳೆಯಲು ಹೋದ.

ಆಗ ನಾನು ಹೊಸಪೇಟೆಯಲ್ಲಿ ಡಿಗ್ರಿ ಮುಗಿಸಿ, ಕೆಲಸಕ್ಕೆ ಕರೆ ಬರುವುದನ್ನು ಕಾಯುತ್ತ ಮನೆಯಲ್ಲಿದ್ದೆ. ಮಧ್ಯಾಹ್ನ ಮಾವನಿಗೆ ಬುತ್ತಿ ಒಯ್ಯುವುದು ನನ್ನ ಪಾಲಿಗೆ ಬಂತು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ಹತ್ತುತ್ತಿದ್ದೆ. ಮೊದಲ ದಿನಗಳಲ್ಲಿ ನೋಡಲು ನನಗೆ ಖುಷಿಯಾಗಿತ್ತು. ಬಕೆಟ್ಟಿನ ಹಲ್ಲುಗಳು ನೆಲಕ್ಕೆ ಇಳಿದರೆ ಸಿಮೆಂಟು ಒಡೆದಂಥ ಸದ್ದು. ಲಾರಿಗಳಿಂದ ಉದುರಿದ ಅದಿರು ಗಾಲಿಗಳಡಿ ಅರೆದು ಅರೆದು, ದಾರಿಯುದ್ದಕ್ಕೂ ಗೇಣು ದಪ್ಪದ ಕರಿಗೆಂಪು ಪದರವಾಗಿ ಕೂತಿತ್ತು. ಅದರ ಮೇಲೆ ಹುಲ್ಲಿನ ಎಸಳೂ ಹುಟ್ಟಿರಲಿಲ್ಲ. ಮಾವ ಆ ಪದರವನ್ನು ಕಿತ್ತು ಟಿಪ್ಪರಿಗೆ ತುಂಬುತ್ತಿದ್ದ. ಟಿಪ್ಪರು ಅದನ್ನು ಮೇಲೆ ಒಯ್ದು ಹಳೆಯ ಗುಂಡಿಗೆ ಸುರಿದು ಬರಬೇಕು. ಪದರ ಹೋದ ಮೇಲೆ ಕೆಳಗಿನ ಮಣ್ಣನ್ನು ಸಡಿಲಿಸಿ, ಮಳೆನೀರು ಇಳಿಜಾರಿನಲ್ಲಿ ಕೊರೆದುಕೊಂಡು ಹೋಗದಂತೆ ಅಡ್ಡಡ್ಡ ಒಡ್ಡು ಹಾಕಿ, ಕಲ್ಲು ಉರುಳಿಸಿ, ಮುಳ್ಳುಕಂಟಿ ಎಳೆಯುತ್ತಿದ್ದರು. ಗಾರ್ಡ್ ಹಿಂದಿನಿಂದ ಬೀಜ ಚೆಲ್ಲುತ್ತ ಬರುತ್ತಿದ್ದ.

ನನಗೆ ಮೊದಲು ಅನುಮಾನ ಬಂದದ್ದು ತಾಡಪತ್ರಿಯಿಂದ. ಗುಂಡಿಗೆ ಸುರಿಯುವ ಮಣ್ಣಿಗೆ ತಾಡಪತ್ರಿ ಏಕೆ ಹೊದಿಸಬೇಕು? ಟಿಪ್ಪರಿನ ಡ್ರೈವರ್ ನಾಲ್ಕೂ ಮೂಲೆಗೆ ಹಗ್ಗ ಬಿಗಿದು ಹೊರಡುತ್ತಿದ್ದ. ಅದು ರಸ್ತೆ ಗುಡಿಸಿದ ಧೂಳಿಗೂ ಗಿರಾಕಿ ಸಿಗುತ್ತಿದ್ದ ಕಾಲ. ಹೆದ್ದಾರಿಯಲ್ಲಿ ಲಾರಿಯಿಂದ ಉದುರಿದ್ದನ್ನು ಬಳಿದು ಗುಡ್ಡೆ ಹಾಕುವವರನ್ನು ನಾನು ಹೊಸಪೇಟೆ ಬಸ್ಸಿನ ಕಿಟಕಿಯಿಂದ ದಿನವೂ ಕಂಡಿದ್ದೆ. ಹಾಗಿರುವಾಗ ಇಷ್ಟು ಅದಿರನ್ನು ಸುಮ್ಮನೆ ಗುಂಡಿಗೆ ಸುರಿಯುತ್ತಾರೆಯೇ?

ಮಾವನನ್ನು ಕೇಳಿದೆ. "ಮಾಮ, ಇದು ಖರೇನ ಗುಂಡಿಗೆ ಹೊಕ್ಕೈತೇನು?"

ಅವನು ರೊಟ್ಟಿ ಮುರಿಯುತ್ತಿದ್ದವನು ತಲೆ ಎತ್ತಲಿಲ್ಲ. "ಬುತ್ತಿ ಕೊಡಾಕ ಬಂದಿ. ಕೊಟ್ಟು ಹೋಗು."

ನನ್ನೊಡನೆ ಅವನು ಎಂದೂ ಹಾಗೆ ಮಾತಾಡಿರಲಿಲ್ಲ. ಅಂದಿನಿಂದ ನಾನು ಅವನನ್ನು ಗಮನಿಸತೊಡಗಿದೆ. ಕೆಲಸ ಮುಗಿದ ಮೇಲೆ ಅವನು ನೇರ ಮನೆಗೆ ಬರುತ್ತಿರಲಿಲ್ಲ. ಗಾರ್ಡಿನ ಬೈಕಿನ ಹಿಂದೆ ಕೂತು ಎಲ್ಲಿಗೋ ಹೋಗಿ ಕತ್ತಲಾಗುವ ಹೊತ್ತಿಗೆ ಬರುತ್ತಿದ್ದ. ಮೊಬೈಲು ಬಡಿದುಕೊಂಡರೆ ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದ. ಅವ್ವನೂ ನೋಡುತ್ತಿದ್ದಳು. ತಮ್ಮನ ತಾಟಿಗೆ ತುಪ್ಪ ಬಡಿಸುವಾಗ ಮೊದಲಿನಂತೆ "ಇನ್ನೊಂದೀಟು ಹಾಕಲೇನು?" ಎಂದು ಕೇಳುವುದನ್ನು ಬಿಟ್ಟಿದ್ದಳು.

ಒಂದು ಸಂಜೆ ದೊಡ್ಡಪ್ಪ ಆಡುಗಳನ್ನು ಹಟ್ಟಿಗೆ ಕೂಡಿ ನಮ್ಮ ಪಡಸಾಲೆಗೆ ಬಂದರು. ಮಾವ ಇನ್ನೂ ಬಂದಿರಲಿಲ್ಲ. ಅವ್ವ ಒಳಗಿದ್ದಳು.

"ಯವ್ವಾ, ನಿಮ್ಮ ಮಾಮ ಎಷ್ಟು ದಿನದಿಂದ ಆ ಗುಂಡಿ ತುಂಬಾಕತ್ಯಾನ?"

"ಭಾಳ ದಿನ ಆತಲ್ರಿ. ಯಾಕ?"

"ನಿನ್ನಿ ನನ್ನ ಆಡು ಅದರಾಗ ಇಳದು ನೀರು ಕುಡದು ಬಂದ್ವು. ಮಳಿನೀರು ಹಂಗ ನಿಂತೈತಿ. ಒಂದು ಬುಟ್ಟಿ ಮಣ್ಣು ಸುರದಿಲ್ಲ ಅದರಾಗ."

ದೊಡ್ಡಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೇನಾದರೂ ಗೊತ್ತಿದೆಯೇ ಎಂದು ತಿಳಿಯಲೆಂದೇ ಅವರು ಬಂದಿದ್ದರು.

"ನಾಳಿ ನನ್ನ ಕರಕೊಂಡು ಹೋಗ್ರಿ. ನಾನೂ ನೋಡ್ತೀನಿ" ಎಂದೆ.

ಮರುದಿನ ಬುತ್ತಿ ಕೊಟ್ಟು, ಮನೆಗೆ ಹೊರಟವಳಂತೆ ತಿರುವಿನವರೆಗೆ ಇಳಿದು, ಅಲ್ಲಿಂದ ದೊಡ್ಡಪ್ಪನ ಹಿಂದೆ ಆಡಿನ ಜಾಡು ಹಿಡಿದು ಮೇಲಕ್ಕೆ ಹತ್ತಿದೆ. ಕಾರೆಮುಳ್ಳು ಸೆರಗಿಗೆ ಸಿಕ್ಕು ಎಳೆಯುತ್ತಿತ್ತು. ನೆತ್ತಿ ತಲುಪುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ಗುಂಡಿ ದೊಡ್ಡಪ್ಪ ಹೇಳಿದ ಹಾಗೆಯೇ ಇತ್ತು. ತಳದಲ್ಲಿ ಕೆಂಪು ನೀರು, ಅದರ ಅಂಚಿಗೆ ಆಡಿನ ಗೊರಸುಗಳ ಗುರುತು. ಟಿಪ್ಪರಿನ ಗಾಲಿಗಳ ಹಸಿ ಗುರುತು ಗುಂಡಿಯ ಪಕ್ಕದಲ್ಲೇ ಹಾದು, ನೆತ್ತಿ ದಾಟಿ, ಆಚೆ ಗಣಿಗಳ ಕಡೆಗೆ ಇಳಿದಿತ್ತು.

ಬೈಕಿನ ಸದ್ದು ಕೇಳಿಸಿತು. ನಾವು ಕಂಟಿಯ ಹಿಂದೆ ಕುಕ್ಕರಿಸಿದೆವು. ಬಂದವರು ಗಾರ್ಡ್ ಮತ್ತು ಮಾವ. ಇಬ್ಬರೂ ಗುಂಡಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದರು. ಗಾಳಿ ಬೀಸುತ್ತಿದ್ದುದರಿಂದ ಮಾತು ಪೂರ್ತಿ ಕೇಳಲಿಲ್ಲ. ಗಾರ್ಡ್ ಏನನ್ನೋ ಬೇಡಿಕೊಳ್ಳುವಂತೆ ಮಾತಾಡುತ್ತಿದ್ದ. ಮಾವನ ಒಂದು ಮಾತು ಮಾತ್ರ ಸ್ಪಷ್ಟವಾಗಿ ಕಿವಿಗೆ ಬಿತ್ತು.

"ಸದ್ಯಕ್ಕ ಯಾರಿಗೂ ಹೇಳಬ್ಯಾಡ್ರಿ ಸರ್."

ದೊಡ್ಡಪ್ಪ ನನ್ನ ಕಡೆ ತಿರುಗಿದರು. ಬೈಕು ಹೋದ ಮೇಲೆ ಇಳಿಯೋಣವೆಂದು ಕೈಸನ್ನೆ ಮಾಡಿದರು. ಇಳಿಯುವಾಗ ದಾರಿಯುದ್ದಕ್ಕೂ ನಾನು, ಅವ್ವನಿಗೆ ಇದನ್ನು ಹೇಗೆ ಹೇಳುವುದು ಎಂದೇ ಯೋಚಿಸುತ್ತಿದ್ದೆ.

ಅಂದು ಮಾವ ಊಟಕ್ಕೆ ಕೂತಾಗ ನಾನು ತಡೆಯಲಾರದೆ ಕೇಳಿಯೇ ಬಿಟ್ಟೆ.

"ಗುಂಡ್ಯಾಗ ನೀರು ನಿಂತೈತಿ ಮಾಮ. ಮಣ್ಣು ಎಲ್ಲಿಗಿ ಹೋತು?"

ಅವ್ವನ ಕೈಯಲ್ಲಿದ್ದ ಸೌಟು ನಿಂತಿತು. ಮಾವ ನನ್ನನ್ನು ನೋಡಿದ. ಸಿಟ್ಟು ಬರಬಹುದೆಂದುಕೊಂಡಿದ್ದೆ, ಬರಲಿಲ್ಲ.

"ನೀ ಮ್ಯಾಲೆ ಹೋಗಿದ್ದೇನು?"

"ಹೋಗಿದ್ದೆ. ನೀವಿಬ್ಬರೂ ಮಾತಾಡಿದ್ದೂ ಕೇಳೀನಿ."

"ಮತ್ತ ನಿನಗ ಏನನ್ನಿಸ್ತು?"

ಅದಕ್ಕೆ ಉತ್ತರ ಅವ್ವ ಕೊಟ್ಟಳು. "ಆಕಿಗೆ ಏನನ್ನಿಸ್ತೋ ನನಗ ಗೊತ್ತಿಲ್ಲ. ಈ ಮನ್ಯಾಗ ಕಳ್ಳತನದ ಕೂಳು ಬ್ಯಾಡ. ಹಂಗೇನರ ಇದ್ರ ನಾಳಿ ಮುಂಜಾನಿ ಕಂಪ್ಲಿ ಬಸ್ ಹತ್ತು."

ಮಾವ ತಾಟಿನಲ್ಲಿದ್ದುದನ್ನು ಮುಗಿಸಿ ಎದ್ದ. "ನಾಳಿ ಜಲ್ದಿ ಹೊಕ್ಕೀನಿ. ಬುತ್ತಿ ಮ್ಯಾಲೆ ಗುಂಡಿತನಕ ತಂದುಬಿಡು. ದೊಡ್ಡಪ್ಪಗೂ ಹೇಳು, ಯಾರ್ಯಾರು ಬರ್ತಾರೋ ಬರಲಿ" ಎಂದು ಹೇಳಿ ಹೊರಗೆ ಹೋಗಿ ಮಲಗಿದ. ಅದು ಸವಾಲೋ, ಹೊಸದೊಂದು ಉಪಾಯವೋ ನಮಗೆ ತಿಳಿಯಲಿಲ್ಲ.

ಬೆಳಗಾಗುವಷ್ಟರಲ್ಲಿ ಅವನ ಹಾಸಿಗೆ ಖಾಲಿಯಿತ್ತು. ಅವ್ವ ಹಿತ್ತಲಿನಲ್ಲಿ ನಿಂತು ಕಿವಿಗೊಟ್ಟಳು. "ಜೆಸಿಬಿ ಸಪ್ಪಳ ಮ್ಯಾಲಿಂದ ಬರಾಕತ್ತೈತಿ. ದಿನಾ ಇಲ್ಲೇ ಕೆಳಗ ಕೇಳತಿತ್ತು" ಎಂದಳು. ನಾನು ಬುತ್ತಿ ಕಟ್ಟುವುದನ್ನೂ ಕಾಯದೆ ಹೊರಟೆ. ಅವ್ವ ಬಾಗಿಲಿಗೆ ಚಿಲಕ ಹಾಕಿ ನನ್ನ ಹಿಂದೆಯೇ ಬಂದಳು. ಬುಡದಲ್ಲಿ ದೊಡ್ಡಪ್ಪ ಮತ್ತು ಊರಿನ ಏಳೆಂಟು ಗಂಡಸರು ಕೂಡಿಕೊಂಡರು. ಕಳ್ಳತನವನ್ನು ಕಣ್ಣಾರೆ ಹಿಡಿಯಲೆಂದೇ ಎಲ್ಲರೂ ಹತ್ತಿದ್ದರು.

ಮೇಲೆ ನಾವು ಕಂಡದ್ದು ಬೇರೆ. ಮಾವ ಜೆಸಿಬಿಯನ್ನು ಗುಂಡಿಯ ಹತ್ತಿರ ನಿಲ್ಲಿಸಿರಲಿಲ್ಲ. ನೆತ್ತಿ ದಾಟಿ, ಗಣಿಗಳ ಕಡೆಗೆ ದಾರಿ ಇಳಿಯುವ ಇಕ್ಕಟ್ಟಿನ ಜಾಗದಲ್ಲಿ ಅಡ್ಡಲಾಗಿ ಕಂದಕ ತೋಡುತ್ತಿದ್ದ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಕೊರಕಲು. ಸುತ್ತಿ ಹೋಗಲು ಜಾಗವೇ ಇಲ್ಲದ ಕಡೆ ನೋಡಿ ಅಗೆದಿದ್ದ. ಕಂದಕ ಆಗಲೇ ಆಳುದ್ದವಾಗಿತ್ತು. ಹಿಂದಿನ ಸಂಜೆ ತುಂಬಿಸಿಕೊಂಡಿದ್ದ ಟಿಪ್ಪರು ನಮ್ಮ ಕಡೆಗೆ ಸಿಕ್ಕಿಕೊಂಡು ನಿಂತಿತ್ತು. ಅದರ ಡ್ರೈವರ್ ಕೆಳಗಿಳಿದು ತಲೆ ಕೆರೆದುಕೊಳ್ಳುತ್ತಿದ್ದ.

ಸ್ವಲ್ಪ ಹೊತ್ತಿನಲ್ಲಿ ಆಚೆ ಬದಿಯಿಂದ ಜೀಪು ಬಂತು. ಗುತ್ತಿಗೆದಾರನ ಸೂಪರ್‌ವೈಸರ್ ಇಳಿದು ಕಂದಕದ ಅಂಚಿನವರೆಗೆ ಓಡಿಬಂದ.

"ಲೇ! ಯಾರು ಹೇಳಿದ್ರು ನಿನಗ ಇಲ್ಲಿ ಅಗಿ ಅಂತ? ಮುಚ್ಚಲೇ ಅದನ್ನ!"

ಮಾವ ಯಂತ್ರ ನಿಲ್ಲಿಸಿದ. "ಎರಡೂ ಬಾಯಿ ಮುಚ್ಚಬೇಕಲ್ರಿ. ಇದೊಂದು ಬಾಯಿ" ಎಂದ.

"ಅದು ಕಡೀಗೆ ಮಾಡೋ ಕೆಲಸ! ಆ ಟಿಪ್ಪರ್ ಹೆಂಗ ಬರಬೇಕು?"

"ಟಿಪ್ಪರ್ ಈ ಕಡಿ ಯಾಕ ಬರಬೇಕ್ರಿ? ಗುಂಡಿ ಇಲ್ಲೇ ಐತಲ್ಲ."

ಸೂಪರ್‌ವೈಸರ್ ಕಂದಕದ ಅಂಚಿನಲ್ಲಿ ಅತ್ತಿತ್ತ ನೋಡಿದ. ಆಗಲೇ ಅವನಿಗೆ ನಾವು ಕಂಡಿದ್ದು. ಅವನ ಕಣ್ಣು ಗಾರ್ಡನ್ನು ಹುಡುಕಿತು. ಗಾರ್ಡ್ ಬೈಕಿಗೆ ಒರಗಿ ನಿಂತಿದ್ದ. ಮುಖ ಬಿಳಿಚಿತ್ತು. ಅವನೂ ಕೈಬಿಡುತ್ತಾನೆ ಎಂದೇ ನನಗನ್ನಿಸಿತು. ಆದರೆ ಅವನು ಮುಂದೆ ಬಂದು, ಮೆಲುದನಿಯಲ್ಲೇ, "ಯಾವ ಬಾಯಿ ಮೊದಲು ಅಂತ ನಮ್ಮ ಸಾಹೇಬರು ಏನೂ ಹೇಳಿಲ್ರಿ. ಮಣ್ಣು ಗುಂಡಿಗೆ ಹಾಕಬೇಕು ಅಂತ ಮಾತ್ರ ಹೇಳ್ಯಾರ" ಎಂದ.

ಡ್ರೈವರ್ ಒಮ್ಮೆ ಜೀಪಿನ ಕಡೆ, ಒಮ್ಮೆ ಊರಿನ ಗಂಡಸರ ಕಡೆ ನೋಡಿದ. ತಾಡಪತ್ರಿಯ ಹಗ್ಗ ಬಿಚ್ಚಿ, ಟಿಪ್ಪರನ್ನು ಹಿಂದಕ್ಕೆ ತಂದು, ಅಷ್ಟನ್ನೂ ಗುಂಡಿಗೆ ಸುರಿದ. ಕೆಂಪು ನೀರು ಸಿಡಿದು ಅಂಚಿನವರೆಗೂ ಎದ್ದಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೂಪರ್‌ವೈಸರ್ ಮಾವನ ಕಡೆಗೆ ಬೆರಳು ತೋರಿಸಿ, "ನೀ ಇನ್ನ ಈ ಸೀಮ್ಯಾಗ ಹೆಂಗ ಗಾಡಿ ಹೊಡೀತಿ ನೋಡ್ತೀನಿ" ಎಂದು ಹೇಳಿ ಜೀಪು ಹತ್ತಿದ.

ಮಾವ ಕೆಳಗಿಳಿದು ಅವ್ವನ ಮುಂದೆ ಬಂದು ನಿಂತ. ಗುಂಡಿ ತುಂಬುತ್ತಿಲ್ಲವೆಂದು ಅವನಿಗೆ ಅನುಮಾನ ಬಂದಿತ್ತಂತೆ. ಗಾರ್ಡ್ ಗುತ್ತಿಗೆದಾರನ ಜೊತೆಗಿರಬಹುದೆಂದು ಮೊದಲು ಅವನ ಮೇಲೇ ಕಣ್ಣಿಟ್ಟಿದ್ದನಂತೆ. ಗಾರ್ಡ್ ಕೂಡ ಮಾವನ ಮೇಲೆ ಅದೇ ಅನುಮಾನ ಇಟ್ಟುಕೊಂಡು ಸಂಜೆ ಸಂಜೆ ಬೈಕಿನಲ್ಲಿ ಕರೆದೊಯ್ದು ಬಾಯಿ ಬಿಡಿಸಲು ನೋಡುತ್ತಿದ್ದನಂತೆ. ಹಿಂದಿನ ದಿನ ಗುಂಡಿಯ ಅಂಚಿನಲ್ಲಿ ನಿಂತಾಗಲೇ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬಂದು, ಸುದ್ದಿ ಮೊದಲೇ ಹರಡಿದರೆ ಗುತ್ತಿಗೆದಾರ ಜೆಸಿಬಿಯನ್ನೇ ಒಯ್ದುಬಿಡುತ್ತಾನೆಂದು ಗುಟ್ಟಾಗಿ ಈ ಉಪಾಯ ಮಾಡಿದರಂತೆ.

ಅವ್ವ ಅವನ ತೋಳು ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ದೊಡ್ಡಪ್ಪ ಮಾತ್ರ ಬೀಡಿ ಹಚ್ಚಿ, ನನಗಷ್ಟೇ ಕೇಳುವಂತೆ, "ಸಿಕ್ಕಿಬಿದ್ದೀನಿ ಅಂತ ಗೊತ್ತಾದ ಮ್ಯಾಲೆ ಯಾರಾದ್ರೂ ಹಿಂಗ ಮಾಡ್ತಾರ. ನಿನ್ನಿ ನೀ ಕೇಳದಿದ್ರ ಇವತ್ತು ಇದು ಆಕ್ಕಿತ್ತೇನು?" ಎಂದರು.

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಗಾರ್ಡನ್ನು ಒಬ್ಬನೇ ಇದ್ದಾಗ ಕೇಳಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಅವನಿಗೆ ಬೇರೆ ಕಡೆಗೆ ವರ್ಗವಾಯಿತು. ಎಲ್ಲಿಗೆಂದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಜೆಸಿಬಿಯ ಮಾಲೀಕ ಯಂತ್ರವನ್ನು ಹೊಸಪೇಟೆಗೆ ಒಯ್ದ. ಅದಕ್ಕೂ ಮೊದಲು ಮಾವ ನಮ್ಮೂರ ಕಡೆಯ ಬಾಯಿಗೂ ಒಂದು ಕಂದಕ ಹೊಡೆದಿದ್ದ. ನಡುವಿನ ಒಂದಷ್ಟು ದಾರಿ ಒಡೆಯದೆ ಹಾಗೆಯೇ ಉಳಿಯಿತು. ಗಣಿ ಕಡೆ ಮಾವನಿಗೆ ಯಾರೂ ಕೆಲಸ ಕೊಡಲಿಲ್ಲ. ಅವನು ಕಂಪ್ಲಿಗೆ ವಾಪಸಾಗಿ ಮತ್ತೆ ಟ್ರ್ಯಾಕ್ಟರ್ ಹತ್ತಿದ. ಬಸ್ ಸ್ಟ್ಯಾಂಡಿಗೆ ಕಳಿಸಲು ಹೋದಾಗ ನಾನು ಕೇಳಿದೆ.

"ಮಾಮ, ನಾ ಕೇಳದಿದ್ರೂ ನೀ ಕಂದಕ ತೋಡ್ತಿದ್ದೇನು?"

"ನಿನಗ ಹ್ಯಾಂಗ ಅನ್ನಸ್ತೈತಿ ಹಂಗ ಅನ್ಕೋ" ಎಂದು ನಕ್ಕು ಬಸ್ ಹತ್ತಿದ. ಆ ನಗುವಿನ ಅರ್ಥ ನನಗೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ.

ಕೆಲವು ಮಳೆಗಾಲ ಕಳೆದವು. ನನಗೆ ಹೊಸಪೇಟೆಯಲ್ಲಿ ಕೆಲಸ ಸಿಕ್ಕಿತು. ಒಮ್ಮೆ ರಜೆಗೆ ಊರಿಗೆ ಬಂದಾಗ ಮಾವನೂ ಬಂದಿದ್ದ. ಸಂಜೆ ನೆರಳು ಬೀಳುವ ಮೊದಲು ಹೋಗಿ ಬರೋಣವೆಂದು ಇಬ್ಬರೂ ಗುಡ್ಡ ಹತ್ತಿದೆವು. ಕಂದಕದ ದಡಗಳು ಕುಸಿದು ಇಳಿಜಾರಾಗಿದ್ದವು, ಆದರೆ ಗಾಡಿ ದಾಟುವಂತಿರಲಿಲ್ಲ. ಒಡೆದ ನೆಲದಲ್ಲಿ ಹುಲ್ಲು ಎದೆಮಟ್ಟ ಬೆಳೆದಿತ್ತು. ಗಾರ್ಡ್ ಚೆಲ್ಲಿದ ಬೀಜದಿಂದ ಹುಟ್ಟಿದ ಸೀತಾಫಲದ ಗಿಡಗಳು ನನಗಿಂತ ಎತ್ತರಕ್ಕೆ ಎದ್ದಿದ್ದವು. ಒಡೆಯದೆ ಬಿಟ್ಟ ನಡುವಿನ ದಾರಿಯ ಅಂಚು ಅಂಚಿನಿಂದಲೂ ಕಂಟಿ ಒಳಕ್ಕೆ ನುಗ್ಗಿತ್ತು.

ಅಲ್ಲಿ, ದಾರಿಯ ಬದಿಯಲ್ಲಿ, ಹೊಸದಾಗಿ ಅಗೆದ ಒಂದು ಗುಂಡಿ ಕಾಣಿಸಿತು. ಕೆಂಪು ಮಣ್ಣು ಸುತ್ತಲೂ ಚೆಲ್ಲಿತ್ತು.

ಮಾವ ಅಲ್ಲೇ ನಿಂತ. "ಯಾರೋ ಅಗದಾರ" ಎಂದ. "ಮತ್ತ ಶುರು ಹಚ್ಯಾರ. ಸ್ಯಾಂಪಲ್ ತಗದು ನೋಡ್ಯಾರ." ಸುತ್ತಮುತ್ತ ಗಾಲಿಯ ಗುರುತು ಹುಡುಕುತ್ತ ನಡೆದ. ನಾನು ಅವನ ಬೆನ್ನನ್ನೇ ನೋಡುತ್ತಿದ್ದೆ. ಅಷ್ಟು ವರ್ಷಗಳ ಮೇಲೂ, ಈ ಗುಂಡಿಯ ಸಂಗತಿ ಇವನಿಗೆ ಮೊದಲೇ ಗೊತ್ತಿತ್ತೇ ಎಂಬ ಪ್ರಶ್ನೆ ಒಂದು ಗಳಿಗೆ ನನ್ನ ತಲೆಯಲ್ಲಿ ಹಾದುಹೋಯಿತು.

ಗಾಲಿಯ ಗುರುತು ಎಲ್ಲೂ ಇರಲಿಲ್ಲ. ಮಾವ ಹಿಂತಿರುಗಿ ಬಂದು ಗುಂಡಿಯ ಪಕ್ಕದಲ್ಲಿ ಕೂತ. ಅದು ಒಡೆದ ಹುತ್ತ. ಗೋಡೆಯಲ್ಲಿ ಮೇಲಿನಿಂದ ಕೆಳಗೆ, ಸಾಲಾಗಿ, ಬೆರಳಿನಷ್ಟು ಅಗಲದ ಗೀರುಗಳಿದ್ದವು. ತಳದಲ್ಲಿ ಗೆದ್ದಲು ಇನ್ನೂ ಹರಿದಾಡುತ್ತಿತ್ತು. ಸ್ವಲ್ಪ ಆಚೆ, ಕರಿಗೆಂಪು ಪದರದ ಮೇಲೆ, ಬಾರಿಬೀಜಗಳೇ ತುಂಬಿದ್ದ ಲದ್ದಿ ಬಿದ್ದಿತ್ತು.

ಮಾವ ಗೀರುಗಳ ಮೇಲೆ ತನ್ನ ಬೆರಳುಗಳನ್ನು ಇಟ್ಟು ನೋಡಿದ. ಅವನ ಕೈಗಿಂತ ದೊಡ್ಡ ಕೈ ಅದು. ಆಮೇಲೆ ಎದ್ದು, ಸುತ್ತಲಿನ ಕಂಟಿಗಳನ್ನು ಒಮ್ಮೆ ಎಚ್ಚರದಿಂದ ನೋಡಿದ.

"ಮಣ್ಣು ಇನ್ನೂ ಹಸೀನ ಐತಿ. ಕರಡಿ ಇಲ್ಲೇ ಎಲ್ಲೋ ಇರಬೇಕು. ನಡಿ, ಮಾತಾಡಬ್ಯಾಡ."

ನಾವು ಸದ್ದಿಲ್ಲದೆ, ಹಿಂದೆ ನೋಡುತ್ತ ನೋಡುತ್ತ, ಗುಡ್ಡ ಇಳಿದೆವು.